ಬಾರದೇ ಹೋದ ನೋವಿಗೂ ಒಂದು ಧನ್ಯವಾದ

ಮಂಡ್ಯದಲ್ಲಿ ನನ್ನ ಬಳಿ ರವಿಕೆ ಹೊಲಿಸುವವರಿಗೆಲ್ಲ ಮೊದಲು ಈ ಸುದ್ದಿ: ಅಂಗಡಿ ಮತ್ತೆ ತೆರೆದಿದೆ. ಹಳೆಯ ಕ್ಷಯದಿಂದ ಹಾಳಾಗಿ, ಕೆಮ್ಮಿದಾಗ ರಕ್ತ ಬರಿಸುತ್ತಿದ್ದ ಬಲ ಶ್ವಾಸಕೋಶದ ಮೇಲಿನ ಭಾಗವನ್ನು ಮೈಸೂರಿನಲ್ಲಿ ತೆಗೆದರು. ಗೌರಿ ಹಬ್ಬದ ರವಿಕೆಗಳು ಹಾಗೆಯೇ ಉಳಿದವು, ಆದರೂ ಒಬ್ಬರೂ ಬಟ್ಟೆ ವಾಪಸು ಕೇಳಲಿಲ್ಲ. ನಿಮಗೂ, ರಕ್ತ ಕೊಟ್ಟ ಹುಡುಗರಿಗೂ, ಸರಸ್ವತಿಪುರಂನಿಂದ ದಿನವೂ ರಾಗಿ ಗಂಜಿ ತಂದ ಚಿಕ್ಕಮ್ಮನಿಗೂ ನಾನು ಋಣಿ.

ಹೆಚ್ಚು ಹೇಳಬೇಕಾದದ್ದು ಅರಿವಳಿಕೆ ಡಾಕ್ಟರಮ್ಮನ ಬಗ್ಗೆ. ಹಿಂದಿನ ದಿನ ಬಂದವರು ನನ್ನ ಕೆಲಸ ಏನೆಂದು ಕೇಳಿದರು. ಹೊಲಿಗೆ ಎಂದೆ. “ಹಾಗಾದರೆ ಭುಜದ ವಿಷಯ ಹೇಳಿಯೇ ಹೋಗುತ್ತೇನೆ” ಎಂದು ಕುಳಿತರು. ಎದೆ ತೆರೆದವರಲ್ಲಿ ಬಹಳ ಮಂದಿಗೆ ಅದೇ ಬದಿಯ ಭುಜ ನೋಯುತ್ತದಂತೆ, ಕತ್ತರಿ ಅಲ್ಲಿಗೆ ಹೋಗದಿದ್ದರೂ. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯು ವಪೆ. ಅದಕ್ಕೆ ಇಳಿಯುವ ಫ್ರೀನಿಕ್ ನರ ಹುಟ್ಟುವುದು ಕುತ್ತಿಗೆಯ 3, 4, 5ನೆಯ ನರಬೇರುಗಳಲ್ಲಿ. ಭುಜದ ಚರ್ಮಕ್ಕೂ ಅಲ್ಲಿಂದಲೇ ನರಗಳು ಬರುತ್ತವೆ. ಒಳಗೆ ವಪೆ ಕೆರಳಿದರೆ ಮೆದುಳು ಅದನ್ನು ಭುಜದ ನೋವೆಂದು ಎಣಿಸುತ್ತದೆ. ಬೆನ್ನಿಗೆ ಹಾಕುವ ಎಪಿಡ್ಯೂರಲ್ ಎಂಬ ಮರಗಟ್ಟಿಸುವ ಮದ್ದು ಪಕ್ಕೆಲುಬಿನ ನೋವನ್ನು ತಡೆಯುತ್ತದೆ, ಕುತ್ತಿಗೆಯ ನರವನ್ನು ಮುಟ್ಟುವುದಿಲ್ಲ.

ಅದಕ್ಕೆಂದು ಅವರು ಶಸ್ತ್ರವೈದ್ಯರೊಂದಿಗೆ ಮೊದಲೇ ಮಾತಾಡಿದ್ದರು. ಎದೆ ಮುಚ್ಚುವ ಮುನ್ನ, ವಪೆಯ ಹತ್ತಿರ ಆ ನರದ ಸುತ್ತಲಿನ ಕೊಬ್ಬಿಗೆ 10 ಮಿಲಿಲೀಟರ್ ಲಿಗ್ನೋಕೇನ್ ಕೊಟ್ಟರು. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಔಷಧ. ಎಚ್ಚರವಾದಾಗ ಭುಜ ಸುಮ್ಮನಿತ್ತು. ಆಮೇಲೆ ಸ್ವಲ್ಪ ಎಳೆದಂತಾಯಿತು, ಪ್ಯಾರಾಸಿಟಮಾಲ್ ಸಾಕಾಯಿತು. ಚುಚ್ಚದಿದ್ದರೆ ನನಗೆ ನೋಯುತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

ಪಕ್ಕದ ಹಾಸಿಗೆಯ ಅಜ್ಜಿಯ ಭುಜ ಮಾತ್ರ ರಾತ್ರಿಯಿಡೀ ನೋಯಿತು. ಆ ಮದ್ದಿನಿಂದ ಒಂದು ಬದಿಯ ವಪೆ ಕೆಲವು ಗಂಟೆ ಸಡಿಲವಾಗಬಹುದು, ಅಜ್ಜಿಗೆ ಉಸಿರಿನ ಶಕ್ತಿಯೇ ಕಡಿಮೆ, ಹಾಗಾಗಿ ಬೇಡವೆಂದು ನಿರ್ಧರಿಸಿದ್ದರಂತೆ. ಮಲಗಿಸುವಾಗ ಕೈ ಉಳುಕಿದೆ ಎಂದು ಮಗ ಮುಲಾಮು ತಿಕ್ಕುತ್ತಿದ್ದ. ನನಗೆ ತಿಳಿದಷ್ಟು ಹೇಳಿ, ಸಿಸ್ಟರನ್ನು ಕರೆಸಿದೆ. ಅವರು ಬೈಯದೆ ಬಂದು ನೋವಿನ ಔಷಧ ಕೊಟ್ಟು, ಮತ್ತೆ ಮತ್ತೆ ಬಂದು ನೋಡಿದರು. ಆ ಸಿಸ್ಟರಿಗೂ ನಮಸ್ಕಾರ.

ಮೂರು ಚೆಂಡಿನ ಉಸಿರಾಟದ ಯಂತ್ರ ಕೈಗಿತ್ತು, ಗೋಡೆಯ ಮೇಲೆ ಬೆರಳು ಹತ್ತಿಸಿ ಕಾಡಿದ ಫಿಸಿಯೋಥೆರಪಿಯ ಹುಡುಗಿಯನ್ನು ಆಗ ಶಪಿಸಿದ್ದೆ. ಇವತ್ತು ಗಾಯ ಬಿಗಿಯುತ್ತದೆ, ಕೈ ಮಾತ್ರ ಸರಾಗವಾಗಿ ಮೇಲೇಳುತ್ತದೆ.

ಡಾಕ್ಟರಮ್ಮ, ಒಂದು ಅಳತೆ ರವಿಕೆ ಕಳುಹಿಸಿಕೊಡಿ. ಕೂಲಿಯ ಮಾತೆತ್ತಿದರೆ ಜಗಳವಾಗುತ್ತದೆ.