ಕಛೇರಿ ಅರ್ಧಕ್ಕೆ ನಿಲ್ಲಿಸಿ ಸನ್ಮಾನವೇ?

ಮಾನ್ಯರೇ,

ನಮ್ಮ ಬಡಾವಣೆಯ ಸಭಾಂಗಣದಲ್ಲಿ ಭಾನುವಾರ ನಡೆದ ಪಿಯಾನೋ ಕಛೇರಿಯ ಬಗ್ಗೆ ತಮ್ಮ ಪತ್ರಿಕೆಯ ವರದಿ ಓದಿ ಸಿಟ್ಟು ನೆತ್ತಿಗೇರಿತು. ಮೂರು ಕಾಲಂ ವರದಿಯಲ್ಲಿ ಎರಡೂವರೆ ಕಾಲಂ ಶಾಲು, ಪೇಟ, ಹಣ್ಣಿನ ಬುಟ್ಟಿ, ಅತಿಥಿಗಳ ಭಾಷಣ. ಯಾರ ಸಂಗೀತ ಕೇಳಲು ಜನ ಸೇರಿದ್ದರೋ ಆ 19ನೇ ಶತಮಾನದ ಅಮೆರಿಕದ ಸಂಗೀತ ರಚನಕಾರ ಆಂಟನ್ ಫಿಲಿಪ್ ಹೈನ್‌ರಿಕ್ ಬಗ್ಗೆ ಎರಡೇ ವಾಕ್ಯ: ‘ಜರ್ಮನಿಯ ಬಡ ರೈತನ ಮಗ’, ‘ಕಾಡಿನ ಗುಡಿಸಲಿನಲ್ಲಿ ಹಕ್ಕಿಗಳನ್ನು ಕೇಳಿ ಪಿಯಾನೋ ಕಲಿತರು’. ಎರಡೂ ತಪ್ಪು.

ಹೈನ್‌ರಿಕ್ ಹುಟ್ಟಿದ್ದು 1781ರಲ್ಲಿ, ಇಂದಿನ ಚೆಕ್ ದೇಶಕ್ಕೆ ಸೇರಿದ ಬೊಹೀಮಿಯಾದ ಉತ್ತರ ಭಾಗದಲ್ಲಿ. ಸಿರಿವಂತ ಬಂಧುವೊಬ್ಬರು ದತ್ತು ತೆಗೆದುಕೊಂಡರು, ದೊಡ್ಡ ವ್ಯಾಪಾರ ಕೈಗೆ ಬಂತು. ಪಿಟೀಲು, ಪಿಯಾನೋ ಹವ್ಯಾಸವಾಗಿ ಆಗಲೇ ಬರುತ್ತಿತ್ತು. ನೆಪೋಲಿಯನ್ ಯುದ್ಧಗಳು ಒಂದು ಕಡೆ, 1811ರಲ್ಲಿ ದಿವಾಳಿಯೆದ್ದ ಆಸ್ಟ್ರಿಯಾ ಸರ್ಕಾರ ನೋಟಿನ ಬೆಲೆಯನ್ನು ಐದನೇ ಒಂದಕ್ಕೆ ಇಳಿಸಿದ್ದು ಇನ್ನೊಂದು ಕಡೆ, ಆಸ್ತಿಯೆಲ್ಲ ಕರಗಿತು. ಅಮೆರಿಕ ಸೇರಿದರು, ಅಲ್ಲಿ ಹೆಂಡತಿ ತೀರಿಕೊಂಡರು, ಎಳೆಯ ಮಗಳು ಬೊಹೀಮಿಯಾದ ಬಂಧುಗಳ ಮನೆಯಲ್ಲಿ ಉಳಿದಳು. 1817ರಲ್ಲಿ ಫಿಲಡೆಲ್ಫಿಯಾದಿಂದ ಪಿಟ್ಸ್‌ಬರ್ಗ್‌ಗೆ ಸುಮಾರು 300 ಮೈಲಿ ಬೆಟ್ಟ ಹತ್ತಿಳಿದು ನಡೆದೇ ಹೋದರು. ಅಲ್ಲಿನ ನಾಟಕಶಾಲೆಯ ಕೆಲಸವೂ ಕೈಯಲ್ಲಿ ಉಳಿಯಲಿಲ್ಲ. ಒಹಾಯೋ ನದಿ ಹಿಡಿದು ಕೆಂಟಕಿ ರಾಜ್ಯ ಸೇರಿದರು. ಅದೇ ವರ್ಷ ನವೆಂಬರ್ 12ರಂದು ಲೆಕ್ಸಿಂಗ್ಟನ್ ಊರಿನಲ್ಲಿ ಸಿಕ್ಕ ವಾದಕರನ್ನು ಕೂಡಿಸಿ ಬೀಥೋವನ್ ಸಿಂಫನಿ (ವಾದ್ಯವೃಂದದ ದೊಡ್ಡ ರಚನೆ) ನುಡಿಸಿದರು. ಅಮೆರಿಕದ ನೆಲದಲ್ಲಿ ಬೀಥೋವನ್ ಸಿಂಫನಿ ಕೇಳಿಬಂದ ತೀರಾ ಮೊದಲ ಸಂದರ್ಭಗಳಲ್ಲಿ ಅದೂ ಒಂದು. ಇಷ್ಟೆಲ್ಲ ಆದ ಮೇಲೆ, 1818ರಲ್ಲಿ, ಬಾರ್ಡ್ಸ್‌ಟೌನ್ ಬಳಿಯ ಮರದ ದಿಮ್ಮಿಯ ಮನೆಗೆ ಬಂದದ್ದು. ಅಲ್ಲಿ ಗುರುವಿಲ್ಲದೆ ತಾವೇ ಕಲಿತದ್ದು ವಾದ್ಯ ನುಡಿಸುವುದನ್ನಲ್ಲ, ಸಂಗೀತ ಬರೆಯುವುದನ್ನು. ಅದೂ 37ರ ವಯಸ್ಸಿನಲ್ಲಿ. ಎರಡೇ ವರ್ಷದಲ್ಲಿ, 1820ಕ್ಕೆ, ಹಾಡು, ಕುಣಿತದ ಧಾಟಿ, ಪಿಯಾನೋ ರಚನೆಗಳ ದಪ್ಪ ಸಂಪುಟ ಫಿಲಡೆಲ್ಫಿಯಾದಲ್ಲಿ ಅಚ್ಚಾಯಿತು. 1822ರಲ್ಲಿ ಬಾಸ್ಟನ್‌ನ ಸಂಗೀತ ಪತ್ರಿಕೆ ‘ಅಮೆರಿಕದ ಬೀಥೋವನ್’ ಎಂದು ಕರೆಯಿತು. ಇಂಥ ಬದುಕನ್ನು ಎರಡು ವಾಕ್ಯಕ್ಕೆ ಇಳಿಸುವುದೇ ಆದರೆ ಆ ಎರಡನ್ನಾದರೂ ಸರಿಯಾಗಿ ಬರೆಯಬೇಡವೇ?

ಇನ್ನು ‘ಪ್ರೇಕ್ಷಕರ ನಿರಾಸಕ್ತಿಯಿಂದ ಕಛೇರಿ ಬೇಗ ಮುಗಿಯಿತು’ ಎಂಬ ವರದಿಯ ಮಾತು. ಇದು ಶುದ್ಧ ಸುಳ್ಳು. ಮಳೆಯಲ್ಲಿ ನೆನೆದು ಬಂದವರು, ಟಿಕೆಟ್ ಕೊಂಡವರು, ಮಕ್ಕಳನ್ನು ಕರೆತಂದ ತಾಯಂದಿರು ಅತಿಥಿಗಳ ಕಾರು ಬರುವ ತನಕ ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದೆವು. ಒಳಗೆ ಫ್ಯಾನಿಲ್ಲ, ಶೌಚಾಲಯಕ್ಕೆ ಬೀಗ, ಮುಂದಿನ ಎರಡು ಸಾಲು ‘ಗಣ್ಯರಿಗೆ’ ಎಂದು ಕೊನೆಯವರೆಗೂ ಖಾಲಿ. ರಚನೆ ನಡುವಿನಲ್ಲಿದ್ದಾಗ ಸಭಾಂಗಣದ ಅಧಿಕಾರಿ ವೇದಿಕೆ ಹತ್ತಿ, ವಾದಕರ ಹೆಗಲು ಮುಟ್ಟಿ ನಿಲ್ಲಿಸಿ ಸನ್ಮಾನ ಶುರುಮಾಡಿದರು. ಹೈನ್‌ರಿಕ್ ರಚನೆಗಳನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ಮುನ್ಸೂಚನೆಯಿಲ್ಲದೆ ಆಧಾರ ಶ್ರುತಿ ಬದಲಾಗುತ್ತದೆ, ಬೆರಳಿಂದ ಒತ್ತುವ ಕಪ್ಪು ಬಿಳಿ ಮನೆಗಳನ್ನೆಲ್ಲ ಒಂದೊಂದಾಗಿ ಮುಟ್ಟುವ ಓಟಗಳಿರುತ್ತವೆ, ನಡುವೆ ಜನ ಬಲ್ಲ ಧಾಟಿಯೊಂದು ತಟ್ಟನೆ ತಲೆಯೆತ್ತುತ್ತದೆ. ಹಿಂದಿನದು ಕಿವಿಯಲ್ಲಿದ್ದರೆ ಮಾತ್ರ ಮುಂದಿನದು ಅರ್ಥವಾಗುತ್ತದೆ. ಭಾಷಣವಾದ ಮೇಲೆ ಎಲ್ಲಿಂದ ಹಿಡಿಯಬೇಕು?

ಪಿಯಾನೋದ ಸ್ಥಿತಿಯಂತೂ ಹೇಳತೀರದು. 88 ಮನೆ, ಸುಮಾರು 230 ತಂತಿ ಇರುವ ವಾದ್ಯವನ್ನು ಉಗ್ರಾಣದಿಂದ ಅದೇ ಬೆಳಿಗ್ಗೆ ತಳ್ಳಿಕೊಂಡು ಬಂದಿದ್ದಾರೆ. ಮಳೆಗಾಲದ ತೇವಕ್ಕೆ ತಂತಿಗಳ ಕೆಳಗಿನ ಮರದ ಹಲಗೆ ಉಬ್ಬುತ್ತದೆ, ತಂತಿ ಬಿಗಿಯುತ್ತದೆ. ನಡುವಿನ ಸ್ಥಾಯಿಗಳು ಮೇಲೇರುತ್ತವೆ, ತುದಿಯವು ಅಷ್ಟಾಗಿ ಏರುವುದಿಲ್ಲ. ಒಂದೇ ಸ್ವರದ ಮೂರು ತಂತಿಗಳು ಮೂರು ದಾರಿ ಹಿಡಿಯುತ್ತವೆ. ಮನೆಗಳ ಅಡಿಯ ಉಣ್ಣೆಬಟ್ಟೆ ಊದಿ, ಒತ್ತಿದ ಮನೆ ಮೇಲೇಳುವುದೇ ಇಲ್ಲ. ಹಾಗಾಗಿ ಜಾಗ ಬದಲಿಸಿದ ಪಿಯಾನೋವನ್ನು ಕೆಲವು ದಿನ ಅಲ್ಲೇ ಬಿಟ್ಟು ಆಮೇಲೆ ಶ್ರುತಿ ಮಾಡಬೇಕು. ಅದಕ್ಕೆ ಒಂದೂವರೆ ಎರಡು ಗಂಟೆ ನಿಶ್ಶಬ್ದ ಬೇಕು. ಶ್ರುತಿ ಮಾಡುವವರು ಕೆಲಸದಲ್ಲಿದ್ದಾಗಲೇ ಮೈಕಿನವರ ‘ಹಲೋ, ಚೆಕ್’ ನಡೆದಿತ್ತು. ಕೊನೆಗೆ ಮುಚ್ಚಳ ಎತ್ತಿದರೆ ಫ್ಲೆಕ್ಸ್ ಮರೆಯಾಗುತ್ತದೆಂದು ಅದನ್ನು ಮುಚ್ಚಿಸಿ, ಅದರ ಮೇಲೆ ನೀರು ತುಂಬಿದ ಹೂದಾನಿ, ಎಣ್ಣೆಯ ದೀಪ! ಆ ನೀರು ಒಳಗೆ ಸೋರಿದರೆ ತಂತಿ ತುಕ್ಕು ಹಿಡಿಯುತ್ತದೆ, ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಗೆ ಎಣ್ಣೆ ತಗುಲಿದರೆ ನಾದವೇ ಸತ್ತಂತೆ. ದುರಸ್ತಿಗೆ ಹಣ ಯಾರು ಕೊಡುತ್ತಾರೆ?

ಅಧಿಕಾರದಲ್ಲಿರುವವರ ಈ ಚಾಳಿ ಹಳೆಯದು. ಹೈನ್‌ರಿಕ್ ಅಮೆರಿಕದ ಅಧ್ಯಕ್ಷ ಜಾನ್ ಟೈಲರ್ ಮುಂದೆ ತಮ್ಮ ರಚನೆ ನುಡಿಸುತ್ತಿದ್ದಾಗ ಆತ ನಡುವೆ ತಡೆದು, ವರ್ಜೀನಿಯಾದ ಕುಣಿತದ ಧಾಟಿಯೊಂದನ್ನು ನುಡಿಸಿ ಎಂದರಂತೆ. ಹೈನ್‌ರಿಕ್ ಹಾಳೆ ಸುತ್ತಿಕೊಂಡು ಹೊರಟೇಬಿಟ್ಟರು ಎಂದು ಜೊತೆಗಿದ್ದ ಸಂಗೀತಗಾರ ಜಾನ್ ಹಿಲ್ ಹ್ಯೂಯಿಟ್ ಬರೆದಿದ್ದಾರೆ. ನಮ್ಮ ವಾದಕರೂ ಹೊರಟುಹೋಗಿದ್ದರೆ ನಾನಂತೂ ಚಪ್ಪಾಳೆ ತಟ್ಟುತ್ತಿದ್ದೆ. 1842ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಕಟ್ಟುವ ಮೊದಲ ಸಭೆಯ ಅಧ್ಯಕ್ಷತೆ ವಹಿಸಿದವರು ಇದೇ ಹೈನ್‌ರಿಕ್. 1861ರಲ್ಲಿ ಅದೇ ನ್ಯೂಯಾರ್ಕ್‌ನಲ್ಲಿ ಬಡತನದಲ್ಲೇ ತೀರಿಕೊಂಡರು.

ಇದೇ ಸಭಾಂಗಣದ ಸೋರುವ ಚಾವಣಿ, ರಸೀದಿಯಿಲ್ಲದೆ ವಸೂಲು ಮಾಡುವ ಪಾರ್ಕಿಂಗ್ ದುಡ್ಡು, ಎದುರಿನ ತೆರೆದ ಚರಂಡಿ: ಎಷ್ಟು ಅರ್ಜಿ ಕೊಟ್ಟರೂ ‘ನೋಡೋಣ’ ಎಂಬ ಉತ್ತರವೇ. ರಸ್ತೆ ಅಗೆದವರು ಮುಚ್ಚದೆ ಹೋಗಿದ್ದಾರೆ, ಬೀದಿದೀಪ ಹಗಲು ಉರಿಯುತ್ತದೆ, ರಾತ್ರಿ ಆರುತ್ತದೆ. ಫ್ಲೆಕ್ಸ್‌ಗೆ ಮಾತ್ರ ಹಣದ ಕೊರತೆಯಿಲ್ಲ.

ತಾವು ವರದಿಯನ್ನು ತಿದ್ದಿ ಪ್ರಕಟಿಸಬೇಕು. ಸಂಬಂಧಪಟ್ಟವರು ಪಿಯಾನೋಗೆ ಒಂದು ವ್ಯವಸ್ಥೆ ಮಾಡಬೇಕು, ಸಭಾಂಗಣಕ್ಕೂ ಏನಾದರೂ ಮಾಡಬೇಕು, ಚರಂಡಿಯನ್ನೂ ಮುಚ್ಚಿಸಬೇಕು. ಸಂಗೀತ ಕೇಳುವ ತಾಳ್ಮೆಯಿಲ್ಲದವರು ವೇದಿಕೆ ಹತ್ತುವುದನ್ನು ಮೊದಲು ಬಿಡಲಿ, ನಾಚಿಕೆಯಾಗಬೇಕು ಇವರಿಗೆ.

– ನೊಂದ ಶ್ರೋತೃ