ಮದ್ದಿನ ಬೇರಿಗೆ ವಿಷ ಯಾಕೆ?

ಸಂಪಾದಕರೇ,

ನಾವು ಅಶ್ವಗಂಧ ಬೆಳೆಯುವವರು. ಬೇರು ಕೀಳುವುದಕ್ಕೆ 150ರಿಂದ 180 ದಿನ ಕಾಯಬೇಕು. ಅಷ್ಟರಲ್ಲಿ ನಾಲ್ಕು ದಿನ ಮೋಡ, ಜಿಟಿಜಿಟಿ ಮಳೆ ಹಿಡಿದರೆ ಸಾಕು, ಎಲೆಯ ಮೇಲೆ ಕಂದು ಚುಕ್ಕೆ ಏಳುತ್ತದೆ, ಅದರಲ್ಲಿ ಬಳೆಯೊಳಗೆ ಬಳೆ ಇಟ್ಟ ಹಾಗೆ ಸುತ್ತು ಕಾಣುತ್ತದೆ, ಆಮೇಲೆ ಎಲೆ ಒಣಗಿ ಉದುರುತ್ತದೆ. ಇದು ಆಲ್ಟರ್ನೇರಿಯಾ ಶಿಲೀಂಧ್ರದ ಕೆಲಸ. ಅಂಗಡಿಗೆ ಹೋದರೆ ಸೀದಾ ಮ್ಯಾಂಕೋಜೆಬ್ ಅನ್ನುವ ರಾಸಾಯನಿಕ ಶಿಲೀಂಧ್ರನಾಶಕದ ಪ್ಯಾಕೆಟ್ ಕೈಗೆ ಬರುತ್ತದೆ. ಜನ ಹಾಲಿಗೆ ಹಾಕಿ ಕುಡಿಯುವ ಬೇರು ಅಲ್ವಾ ಇದು? ನನಗಂತೂ ಮನಸ್ಸು ಒಪ್ಪುವುದಿಲ್ಲ.

ಅದರ ಬದಲು ಗಿಡಗಳ ಎಣ್ಣೆಯನ್ನೇ ಬಳಸಬಹುದಲ್ಲವೇ? ಓಮದ ಎಣ್ಣೆಯ ಥೈಮಾಲ್, ಲವಂಗದ ಎಣ್ಣೆಯ ಯೂಜಿನಾಲ್, ಮಜ್ಜಿಗೆ ಹುಲ್ಲಿನ ಎಣ್ಣೆಯ ಸಿಟ್ರಾಲ್ ಅನ್ನುವ ಅಂಶಗಳು ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ಹಾಳು ಮಾಡುತ್ತವೆ ಅಂತ ಪ್ರಯೋಗಾಲಯಗಳಲ್ಲಿ ಎಷ್ಟೋ ಸಲ ಕಂಡಿದೆ. ಹೊಲದಲ್ಲಿ ಮಾತ್ರ ಅಷ್ಟು ಸುಲಭ ಅಲ್ಲ. ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಸೋಪಿನ ನೀರು ಹಾಕಿ ಚೆನ್ನಾಗಿ ಕಲಕಬೇಕು. ಬಿಸಿಲಿಗೆ ಬೇಗ ಆವಿಯಾಗುತ್ತದೆ, ಸಂಜೆಯೇ ಹೊಡೆಯಬೇಕು. ಜಾಸ್ತಿ ಆದರೆ ಗಿಡವೇ ಸುಡುತ್ತದೆ. ಹೋದ ವರ್ಷ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಅಂದಾಜಿನಲ್ಲಿ ಬೆರೆಸಿ ಹೊಡೆದೆ, ಮಾರನೆಯ ದಿನ ನೋಡಿದರೆ ಎರಡು ಸಾಲು ಗಿಡದ ಎಲೆಯ ಅಂಚೆಲ್ಲ ಕಪ್ಪಾಗಿ ಮುದುರಿತ್ತು.

ಕಿತ್ತ ಮೇಲೂ ಕಾಟ ತಪ್ಪಿದ್ದಲ್ಲ. ಬೇರು ಸರಿಯಾಗಿ ಒಣಗದಿದ್ದರೆ ಚೀಲದಲ್ಲೇ ಆಸ್ಪರ್ಜಿಲಸ್ ಬೂಷ್ಟು ಹಿಡಿಯುತ್ತದೆ, ಅದರಿಂದ ಅಫ್ಲಾಟಾಕ್ಸಿನ್ ವಿಷ ಸೇರಬಹುದು. ಮುಚ್ಚಿದ ಡಬ್ಬದಲ್ಲಾದರೆ ಎಣ್ಣೆಯ ಆವಿ ಹಾರಿ ಹೋಗುವುದಿಲ್ಲ, ಅಲ್ಲೇ ಮೊದಲು ಪ್ರಯತ್ನ ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯದವರು ನಮ್ಮ ಹೊಲಕ್ಕೇ ಬಂದು ಪ್ರಯೋಗ ಮಾಡಲಿ. ಲೀಟರ್ ನೀರಿಗೆ ಎಷ್ಟು ಮಿಲಿ, ಎಷ್ಟು ದಿನಕ್ಕೊಮ್ಮೆ, ಎಕರೆಗೆ ಎಷ್ಟು ಖರ್ಚು ಅಂತ ಕನ್ನಡದಲ್ಲಿ ಬರೆದು ಕೊಡಲಿ.

– ಒಬ್ಬ ಅಶ್ವಗಂಧ ಬೆಳೆಗಾರ, ಚಿತ್ರದುರ್ಗ ಜಿಲ್ಲೆ