ಡೇಟ್ಸ್ ಡಬ್ಬಿ ಮೇಲಿನ ಡೇಟು

ಮಾನ್ಯ ಸಂಪಾದಕರೇ,

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ನನ್ನದು ಒಣಹಣ್ಣಿನ ಅಂಗಡಿ. ಡಬ್ಬಿ ಮೇಲೆ ದೊಡ್ಡದಾಗಿ 'ಡೇಟ್ಸ್', ತಳದಲ್ಲಿ ಚಿಕ್ಕದಾಗಿ 'ಪ್ಯಾಕಿಂಗ್ ಡೇಟ್'. ಈ ಎರಡಕ್ಕೂ ಸಂಬಂಧವೇ ಇಲ್ಲ. ಹಣ್ಣಿನ ಹೆಸರು ಬಂದಿದ್ದು ಗ್ರೀಕರ 'ಡಾಕ್ಟುಲೋಸ್'ನಿಂದ, ಅಂದರೆ ಬೆರಳು. ಒಂದು ಒಣ ಖರ್ಜೂರ ಕೈಲಿ ಹಿಡಿದು ನೋಡಿ. ಉದ್ದಕ್ಕೆ, ಸುಕ್ಕುಸುಕ್ಕಾಗಿ, ತುದಿ ದುಂಡಗೆ. ಮುದುಕರ ಬೆರಳೇ ಸರಿ! ತಾರೀಖಿನ ಡೇಟ್ ಲ್ಯಾಟಿನ್‌ನ 'ಡಾಟಾ'ದಿಂದ, ಅಂದರೆ ಕೊಟ್ಟದ್ದು. ರೋಮನ್ನರು ಪತ್ರಗಳಲ್ಲಿ 'ಇಂಥ ಊರಲ್ಲಿ, ಇಂಥ ದಿನ ಕೊಟ್ಟದ್ದು' ಅಂತ ಬರೆಯುತ್ತಿದ್ದರು. ಆ 'ಕೊಟ್ಟದ್ದು' ಅನ್ನುವ ಮಾತೇ ತಾರೀಖಾಗಿ ಉಳಿಯಿತು.

ಪುದೀನದ ಮಿಂಟ್, ನಾಣ್ಯದ ಮಿಂಟ್ ಕೂಡ ಬೇರೆ ಬೇರೆ. ಎರಡನೆಯದು ರೋಮಿನ ಜೂನೋ ಮೊನೇಟಾ ದೇವಿಯ ಹೆಸರಿನಿಂದ ಬಂತು. ಅವಳ ಗುಡಿ ಪಕ್ಕದಲ್ಲೇ ನಾಣ್ಯ ಅಚ್ಚು ಹಾಕುತ್ತಿದ್ದರು. 'ಮನಿ'ಯೂ ಅಲ್ಲಿಂದಲೇ. ಕ್ರೇನ್ ಮಾತ್ರ ಉಲ್ಟಾ, ಉದ್ದ ಕತ್ತಿನ ಹಕ್ಕಿಯ ಹೆಸರನ್ನೇ ಯಂತ್ರಕ್ಕೂ ಇಟ್ಟರು.

ಮಗಳ ಇಂಗ್ಲಿಷ್ ನೋಟ್ಸಿನಲ್ಲಿ ಇವೆಲ್ಲ ಬರೀ ಪಟ್ಟಿ. ಸುಮ್ನೆ ಬಾಯಿಪಾಠ, ಪರೀಕ್ಷೆ ಮುಗಿದರೆ ಮರೆವು. ನಿಮ್ಮ ಮಕ್ಕಳ ಪುಟದಲ್ಲಿ ವಾರಕ್ಕೊಂದು ಇಂಥ ಕಥೆ ಹಾಕಬಹುದಲ್ವಾ? ಪದಬಂಧದ ಪಕ್ಕ ನಾಲ್ಕು ಸಾಲು ಜಾಗ ಸಾಕು.

– ಒಬ್ಬ ವ್ಯಾಪಾರಿ, ಮೈಸೂರು